ಇಪ್ಪತ್ತೊಂದು ಅಂಕದ ಪೀಪಾಯಿ

ಬೆಳಿಗ್ಗೆ ಹನ್ನೊಂದು ಗಂಟೆಗೆ ಆರು ಮಂದಿ ಬಿಳಿಯರ ನಡುವೆ ಕೂತು ಬಿಯರ್ ಕುಡಿದು ಅಂಕ ಕೊಡುವುದು ನನ್ನ ಕೆಲಸ. ಇಷ್ಟನ್ನು ಮುಚ್ಚುಮರೆಯಿಲ್ಲದೆ ಬರೆಯುವುದಕ್ಕೆ ನನಗೆ ಐದು ವರ್ಷ ಹಿಡಿಯಿತು. ಕಂಪ್ಲಿಯಲ್ಲಿ ನನ್ನನ್ನು ಬಲ್ಲವರು, ಹಣೆತುಂಬ ವಿಭೂತಿ ಹಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದ ಕಲಾವತಿಯನ್ನು ನೆನಪಿಟ್ಟುಕೊಂಡವರು, ಇಲ್ಲಿಗೇ ಓದು ನಿಲ್ಲಿಸಿದರೆ ನನ್ನ ತಕರಾರಿಲ್ಲ.

ಮೊದಲ ದಿನದ ಗಾಬರಿ ಇನ್ನೂ ಹಸಿಯಾಗಿದೆ. ಮುಂದೆ ಮೂರು ಗಾಜಿನ ಲೋಟ, ಎರಡು ಸಪ್ಪೆ ಬಿಸ್ಕತ್ತು, ಒಂದು ಕಾಗದ, ಒಂದು ಪೆನ್ಸಿಲ್. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳುವುದಕ್ಕೆ ಬಟ್ಟಲು ಹುಡುಕಿದೆ. ಬಟ್ಟಲೇ ಇರಲಿಲ್ಲ. ಬಿಯರಿನ ಕಹಿ ತಿಳಿಯುವುದು ಗಂಟಲಿಗೆ ಇಳಿಯುವಾಗ, ನುಂಗದೆ ಅಂಕ ಕೊಟ್ಟರೆ ಅದು ಸುಳ್ಳು ಅಂಕ ಎಂದರು ಮೊಯಿರಾ. ಅವರು ಬಿಯರ್ ಮಾಡುವ ಈ ಸಣ್ಣ ಕಾರ್ಖಾನೆಯ ಯಜಮಾನಿ, ಅರವತ್ತು ದಾಟಿದವರು. ನಾನೋ ಸಾರಾಯಿ ಅಂಗಡಿ ಇದ್ದ ಓಣಿಯನ್ನು ಬಿಟ್ಟು ಸುತ್ತಿ ಬಳಸಿ ಶಾಲೆಗೆ ಹೋಗುತ್ತಿದ್ದ ಮನೆಯವಳು. ಕಣ್ಣು ಮುಚ್ಚಿ ನುಂಗಿದೆ. ಶಿವನೇ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆನಂತೆ. ಅದು ಯಾವ ರುಚಿಯ ಹೆಸರು ಎಂದು ಪಕ್ಕದಲ್ಲಿದ್ದವನು ಕೇಳಿದ.

ನಾನು ಸ್ಕಾಟ್ಲೆಂಡಿನ ಉತ್ತರದ ಈ ಸಣ್ಣ ಊರಿಗೆ ಬಂದದ್ದು ಗಂಡನ ಬೆನ್ನ ಹಿಂದೆ. ಮೌನೇಶ ಬಡಗಿ. ಊರಲ್ಲಿದ್ದಾಗ ಅವರ ಹೆಸರು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ‘ನಮ್ಮವರು’ ಅಂದರೆ ಸಾಕಿತ್ತು. ಇಲ್ಲಿ ಬಾಡಿಗೆ ಮನೆಯ ಅರ್ಜಿಯಿಂದ ಹಿಡಿದು ಆಸ್ಪತ್ರೆಯ ಕಾಗದದವರೆಗೆ ಹೆಸರು ಬೇಕು. ಹೇಳಿ ಹೇಳಿ ನಾಲಗೆಗೆ ರೂಢಿಯಾಯಿತು. ಈಗ ಆ ಹೆಸರು ಹಿಡಿದು ಕರೆದರೆ ಓಗೊಡುವವರಿಲ್ಲ, ನಾನು ಮಾತ್ರ ದಿನಕ್ಕೆ ಹತ್ತು ಸಲ ಅನ್ನುತ್ತೇನೆ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವರ ಮನೆಯವರದು ಎತ್ತಿನ ಬಂಡಿಗೆ ಗಾಲಿ ಮಾಡುವ ಕಸುಬು. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಗಾಲಿ ಕೇಳುವವರು ಕಡಿಮೆಯಾಗಿ, ಅವರ ಅಣ್ಣ, ನನ್ನ ಭಾವನವರು, ಬಾಗಿಲು ಕಿಟಕಿಯ ಕೆಲಸಕ್ಕೆ ಇಳಿದರು. ಮೌನೇಶ ಹಟ ಬಿಡಲಿಲ್ಲ. ಹಂಪಿಯ ಸುತ್ತಲಿನ ಹೋಟೆಲಿನವರು ಅಂಗಳದಲ್ಲಿ ಅಂದಕ್ಕೆ ನಿಲ್ಲಿಸುವ ಬಂಡಿಗಳಿಗೆ ಗಾಲಿ ಮಾಡಿಕೊಡುತ್ತಿದ್ದರು. ಎಲ್ಲಿಗೂ ಹೋಗದ ಬಂಡಿಗೂ ಮರಿಯಮ್ಮನಹಳ್ಳಿವರೆಗೆ ಓಡುವ ಗಾಲಿಯನ್ನೇ ಮಾಡುತ್ತಾನೆ ಎಂದು ಭಾವನವರು ಗೇಲಿ ಮಾಡುತ್ತಿದ್ದರು. ಅದೇ ಗಾಲಿ ನಮ್ಮನ್ನು ಇಷ್ಟು ದೂರ ಎಳೆದು ತಂದಿತು.

ಹಂಪಿ ನೋಡಲು ಬಂದ ಈಯನ್ ಎಂಬ ಹಿರಿಯರು ಅಂಥ ಒಂದು ಅಂಗಳದಲ್ಲಿ ಇವರು ಹಳಿ ಏರಿಸುವುದನ್ನು ಕಂಡು ಅಲ್ಲೇ ಕೂತುಬಿಟ್ಟರು. ಹಳಿ ಅಂದರೆ ಗಾಲಿಯ ಸುತ್ತಿನ ಕಬ್ಬಿಣದ ಬಳೆ. ಕೆಂಪಗೆ ಕಾಯಿಸಿ ಮರದ ಮೇಲೆ ಕೂರಿಸಿ ನೀರು ಸುರಿದರೆ ಅದು ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈಯನ್ ಇಲ್ಲಿ ‘ಕೂಪರ್’, ಅಂದರೆ ಓಕ್ ಮರದ ಪೀಪಾಯಿ ಕಟ್ಟುವ ಬಡಗಿ. ಅವರ ಪೀಪಾಯಿಯ ಮರಕ್ಕೂ ಬೆಂಕಿ ಬೇಕು, ಸುತ್ತ ಕಬ್ಬಿಣದ ಬಳೆ ಬೇಕು. ಅರ್ಧ ಹಂಪಿ ನೋಡುವುದು ಅವರಿಗೆ ಬಾಕಿಯೇ ಉಳಿಯಿತು. ಮುಂದೆ ಎರಡು ವರ್ಷಕ್ಕೆ, ನನ್ನ ಜೊತೆ ಕೆಲಸ ಮಾಡಲು ಬರುತ್ತೀಯಾ ಎಂದು ಕಾಗದ ಬಂತು.

ಅತ್ತೆಗೂ ಭಾವನವರಿಗೂ ಅಲ್ಲಿಯೂ ಗಾಲಿಯದೇ ಕೆಲಸ ಎಂದು ಹೇಳಿದೆವು. ಹೆಂಡದ ಪೀಪಾಯಿ ಎಂದರೆ ಅತ್ತೆ ಊಟ ಬಿಡುವವರು. ಮುಂದೆ ನನಗೆ ಕೆಲಸ ಸಿಕ್ಕಾಗ, ಬೆಲ್ಲದ ಫ್ಯಾಕ್ಟರಿಯಲ್ಲಿದ್ದೇನೆ ಅತ್ತಿ ಎಂದೆ. ಸುಳ್ಳಿಗೆ ಸುಳ್ಳು ಜೋಡಿಯಾಯಿತು.

ಇಲ್ಲಿಗೆ ಬಂದಿಳಿದಾಗ ನನಗೆ ಮೊದಲು ಕಂಡದ್ದು ಕಪ್ಪು ಮರಗಳು. ಸಂಡೂರಿನ ದಾರಿಯಲ್ಲಿ ಅದಿರಿನ ದೂಳು ಕೂತು ಗಿಡಮರವೆಲ್ಲ ಕೆಂಪಾಗಿರುವುದನ್ನು ನೋಡಿ ಬೆಳೆದವಳು ನಾನು. ಇಲ್ಲಿ ಪೀಪಾಯಿ ಇಡುವ ಗೋದಾಮುಗಳ ಸುತ್ತಲಿನ ಗೋಡೆ, ಬೇಲಿ, ಮರ ಎಲ್ಲ ಮಸಿ ಬಳಿದ ಹಾಗೆ. ಮರದ ಸಂದಿನಿಂದ ಆವಿಯಾಗುವ ಮದ್ಯವನ್ನು ಕುಡಿದು ಬೆಳೆಯುವ ಒಂದು ಬೂಷ್ಟು ಅದು ಎಂದು ಮೌನೇಶ ತಿಳಿದುಕೊಂಡು ಬಂದು ಹೇಳಿದರು. ಆ ಊರಲ್ಲಿ ಗಿಡ ಅದಿರು ತಿಂತಾವು, ಈ ಊರಲ್ಲಿ ಗೋಡಿ ಕುಡಿತಾವು ಎಂದು ನಕ್ಕರು.

ಇಲ್ಲಿಯವರಿಗೆ ಒಂದು ಮಾತಿದೆ, ‘ಡ್ರೀಖ್’. ಮಳೆಯೂ ಅಲ್ಲದ, ಮೋಡವೂ ಅಲ್ಲದ, ಮೂಳೆಯೊಳಗೆ ತೇವ ಇಳಿಸುವ ಮಂಕು ದಿನಕ್ಕೆ ಹಾಗೆನ್ನುತ್ತಾರೆ. ವರ್ಷದ ಅರ್ಧ ಡ್ರೀಖ್. ನಮ್ಮ ಮನೆ ಮಹಡಿಯ ಮೇಲಿನ ಎರಡು ಕೋಣೆ. ಚಿತ್ತವಾಡ್ಗಿಯಲ್ಲಿ ಪಕ್ಕದ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಇಲ್ಲಿ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂದು ತಿಳಿಯಲು ಎಂಟು ತಿಂಗಳು ಬೇಕಾಯಿತು, ಅದೂ ಅವರ ಬೆಕ್ಕು ನಮ್ಮಲ್ಲಿಗೆ ಬಂದದ್ದರಿಂದ. ಓಟ್ಸಿನ ಗಂಜಿಗೆ ಮಜ್ಜಿಗೆ ಸುರಿದು, ಜೋಳದ ನುಚ್ಚು ಎಂದುಕೊಂಡು ಉಣ್ಣುವುದನ್ನು ಕಲಿತೆವು. ಸಂಜೆ ಕಿಟಕಿ ಹಾಕಿಕೊಂಡು ಮಿರ್ಚಿ ಕರಿದರೆ ಹೊಗೆಗೆ ಎಚ್ಚರಿಸುವ ಗಂಟೆ ಕೂಗುತ್ತಿತ್ತು. ಮೌನೇಶ ಸ್ಟೂಲ್ ಹತ್ತಿ ಅದಕ್ಕೆ ಟವಲ್ ಬೀಸುತ್ತಿದ್ದರು, ನಾನು ಕರಿಯುತ್ತಿದ್ದೆ. ಆ ಮನೆಯಲ್ಲಿ ನಾವು ನಕ್ಕದ್ದೇ ಹೆಚ್ಚು. ಈಗ ನಾನು ಮಿರ್ಚಿ ಕರಿಯುವುದಿಲ್ಲ.

ಮೊದಲ ವರ್ಷ ಮೊಯಿರಾ ಅವರಲ್ಲಿ ನೆಲ ಒರೆಸುವ ಕೆಲಸಕ್ಕಿದ್ದೆ. ಒಂದು ದಿನ ತೊಟ್ಟಿಯೊಂದರ ಬಳಿ ನಿಂತು, ಇದರಲ್ಲಿ ಒದ್ದೆ ಗೋಣಿಚೀಲದ ವಾಸನೆ ಇದೆ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಯಾರಿಗೂ ಬಂದಿರಲಿಲ್ಲ ಆ ವಾಸನೆ. ಮುಂದಿನ ವಾರ ಎಲ್ಲರಿಗೂ ಬಂತು. ಮೊಯಿರಾ ನನ್ನ ಮುಂದೆ ಮೂರು ಲೋಟ ಇಟ್ಟು, ಎರಡು ಒಂದೇ, ಒಂದು ಬೇರೆ, ಬೇರೆ ಯಾವುದು ಹೇಳು ಎಂದರು. ಹನ್ನೆರಡು ಸಲ ಇಟ್ಟರು, ಹನ್ನೊಂದು ಸಲ ಸರಿ ಹೇಳಿದೆ. ಅವತ್ತು ಸಂಜೆ ನೆಲ ಒರೆಸುವ ಕೋಲನ್ನು ನನ್ನ ಕೈಯಿಂದ ಅವರೇ ತೆಗೆದುಕೊಂಡರು.

ಈ ಮೂಗು ನನ್ನ ಅಪ್ಪನದು. ಕಂಪ್ಲಿಯ ಆಲೆಮನೆಗಳಲ್ಲಿ ಅಪ್ಪ ಹದ ನೋಡುವವರಾಗಿದ್ದರು. ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲವಾಗುವ ಆ ಒಂದು ಗಳಿಗೆಯನ್ನು ಹಿಡಿಯುವುದು ಅವರ ಕೆಲಸ. ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುವುದು ಬರೀ ತೋರಿಕೆಗೆ, ಅವರು ಅದಕ್ಕೂ ಮೊದಲೇ ಹಬೆಯ ವಾಸನೆಯಲ್ಲಿ ತಿಳಿದಿರುತ್ತಿದ್ದರು. ಒಮ್ಮೆ ನನ್ನ ಸೋದರತ್ತೆಯ ಹೊಲದ ಕಬ್ಬು ಬಂದಿತ್ತು. ಅಪ್ಪ ಬರುವ ಮೊದಲೇ ಬೇರೊಬ್ಬರು ಪಾಕ ಇಳಿಸಿದ್ದರು, ಆಕೆ ಅಲ್ಲೇ ನಿಂತಿದ್ದಳು. ಅಪ್ಪ ಬೆಲ್ಲದ ಚೂರು ಬಾಯಿಗಿಟ್ಟುಕೊಂಡು, ಹದ ತಪ್ಪೈತಿ, ದನಕ್ಕ ಹಾಕ್ರಿ ಎಂದರು. ಆಕೆ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಅಪ್ಪ ಉಣ್ಣಲು ಕೂತಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದರು, ಆದರೆ ಆಡಿದ ಮಾತು ಹಿಂತೆಗೆದುಕೊಳ್ಳಲಿಲ್ಲ.

ರುಚಿ ನೋಡುವ ಕೋಣೆಯಲ್ಲಿ ನಿಯಮಗಳು ಕಟ್ಟುನಿಟ್ಟು. ಅತ್ತರು, ಘಮದ ಸೋಪು, ತಲೆಗೆ ಎಣ್ಣೆ ಯಾವುದೂ ಕೂಡದು. ಲೋಟದ ಮೇಲೆ ಸಂಖ್ಯೆ ಮಾತ್ರ ಇರುತ್ತದೆ, ಯಾವ ಪೀಪಾಯಿಯದು ಎಂದು ಗೊತ್ತಿರುವುದಿಲ್ಲ. ನೋಟ, ವಾಸನೆ, ರುಚಿ, ಬಾಯಲ್ಲಿ ಕೂರುವ ಬಗೆ, ಒಟ್ಟಾರೆ ಎಂದು ಐದು ಬಾಬತ್ತು, ಒಂದೊಂದಕ್ಕೆ ಹತ್ತರಂತೆ ಐವತ್ತು ಅಂಕ. ಬರೆದು ಮುಗಿಸುವವರೆಗೆ ಯಾರೂ ಮಾತಾಡುವಂತಿಲ್ಲ. ಇನ್ನೊಂದು ನಿಯಮವಿದೆ: ಏಳು ಮಂದಿಯಲ್ಲಿ ಒಬ್ಬರು ಇಂಥದೇ ದೋಷ ಎಂದು ಹೆಸರಿಟ್ಟು ತೋರಿಸಿದರೂ ಆ ಪೀಪಾಯಿ ಶೀಸೆಗೆ ಹೋಗುವುದಿಲ್ಲ, ಚರಂಡಿಗೆ ಹೋಗುತ್ತದೆ.

ಬೆಲ್ಲ ಹಾಕಿದ ಕಪ್ಪು ಬಿಯರಿನ ಯೋಚನೆ ಹುಟ್ಟಿದ್ದು ನನ್ನಿಂದ. ಇಲ್ಲಿ ‘ಏಲ್’ ಎನ್ನುತ್ತಾರೆ, ಹುರಿದ ಬಾರ್ಲಿಯಿಂದ ಮಾಡುವ, ವೈನಿನಷ್ಟು ಖಡಕ್ಕಾದ ಬಿಯರು. ವರ್ಷಗಟ್ಟಲೆ ಓಕ್ ಪೀಪಾಯಿಯಲ್ಲಿ ಮಲಗಿ ಮರದ ಗುಣ ಹೀರಿಕೊಳ್ಳುತ್ತದೆ. ಒಮ್ಮೆ ಊರಿಂದ ಬಂದ ಕಂಪ್ಲಿ ಬೆಲ್ಲದ ಚೂರನ್ನು ಮೊಯಿರಾ ಅವರ ಕೈಗಿಟ್ಟೆ. ಅವರು ಅದನ್ನು ತಿನ್ನದೆ ಬಹಳ ಹೊತ್ತು ಮೂಸಿದರು. ಮುಂದಿನ ಸಲ ಕಪ್ಪು ಏಲ್ ಕುದಿಯುವಾಗ ಅದಕ್ಕೆ ಬೆಲ್ಲ ಬಿತ್ತು. ಅದನ್ನು ತುಂಬಿಸಲು ಪೀಪಾಯಿಯನ್ನು ಮೌನೇಶ ಕಟ್ಟಲಿ ಎಂದು ಈಯನ್ ಹೇಳಿದರು. ಅಲ್ಲಿಯವರೆಗೆ ಮೌನೇಶ ಮೊಯಿರಾ ಅವರಿಗೆಂದು ತಾವೊಬ್ಬರೇ ಹತ್ತೊಂಬತ್ತು ಪೀಪಾಯಿ ಕಟ್ಟಿದ್ದರು. ಇದು ಇಪ್ಪತ್ತನೆಯದು. ಹೊಟ್ಟೆಯ ತೂತಿಗೆ ಬಡಿಯುವ ಮರದ ಬಿರಡೆಗೆ ಇಲ್ಲಿ ‘ಬಂಗ್’ ಎನ್ನುತ್ತಾರೆ. ತುಂಬಿಸಿದ ದಿನ ಮೌನೇಶ ತಮ್ಮ ಕೈಯಾರೆ ಬಂಗ್ ಬಡಿದರು. ಹೆಂಡತಿಯ ಬೆಲ್ಲ, ಗಂಡನ ಮರ ಎಂದು ಎಲ್ಲರೂ ತಮಾಷೆ ಮಾಡಿದರು.

ಅದಾಗಿ ಇಪ್ಪತ್ತು ದಿನಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಎದೆ ಬಿಗಿತಾ ಐತಿ ಕಲಾ ಎಂದು ಮಂಚದ ಮೇಲೆ ಕೂತವರು ಏಳಲಿಲ್ಲ. ನಲವತ್ತೊಂದು ವರ್ಷ ಅವರಿಗೆ.

ಊರಿಗೆ ಕಳಿಸಬೇಕಾದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ ಅತ್ತೆಯೇ, ಅಷ್ಟು ದಿನ ಅವನನ್ನ ಪೆಟ್ಟಿಗ್ಯಾಗ ಇಡಬ್ಯಾಡ್ರಿ, ಅಲ್ಲೇ ಮಣ್ಣು ಕೊಡ್ರಿ ಎಂದರು. ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಇಲ್ಲಿ ಮಲಗಿಸಿಯೇ ಹೂಳಬೇಕು ಎಂದರು ಸ್ಮಶಾನದವರು. ನೆಲ ಹೆಪ್ಪುಗಟ್ಟಿದ್ದರಿಂದ ಯಂತ್ರದಿಂದ ಅಗೆದರು. ಹಣೆಗೆ ವಿಭೂತಿ ಹಚ್ಚಿದೆ, ಉಳಿದದ್ದೆಲ್ಲ ಇಲ್ಲಿಯವರ ಪದ್ಧತಿಯಂತೆ ಆಯಿತು. ಸಂಜೆ ಅತ್ತೆ ಫೋನಿನಲ್ಲಿ ಒಂದೇ ಮಾತು ಕೇಳಿದರು: “ಕುಂದ್ರಿಸಿದ್ರೇನವ್ವಾ?” ಹೂಂ ಅತ್ತಿ ಎಂದೆ.

ಮೊಯಿರಾ ನನಗೊಂದು ಮಾತು ಕೊಟ್ಟರು. ಆ ಪೀಪಾಯಿ ಪರೀಕ್ಷೆಯಲ್ಲಿ ಪಾಸಾದರೆ ಆ ಏಲ್‌ಗೆ ಮೌನೇಶನ ಹೆಸರು ಇಡುತ್ತೇವೆ, ಪ್ರತಿ ಶೀಸೆಯ ಮೇಲೂ ಇರುತ್ತದೆ ಎಂದರು. ಹದಿನಾಲ್ಕು ತಿಂಗಳು ನಾನು ಅದಕ್ಕಾಗಿ ಬದುಕಿದೆ ಅಂದರೆ ಹೆಚ್ಚಿನ ಮಾತಲ್ಲ. ಊರಿಗೆ ಬಂದುಬಿಡು ಎಂದು ಭಾವನವರು ಕರೆದಾಗಲೆಲ್ಲ ಇನ್ನೊಂದು ಸ್ವಲ್ಪ ದಿನ ಎಂದೆ. ಗೋದಾಮಿಗೆ ಹೋಗಿ ಆ ಪೀಪಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದೆ. ಮಕ್ಕಳಿಲ್ಲದ ನಮಗೆ ಉಳಿದದ್ದು ಅದೊಂದೇ ಅನ್ನಿಸುತ್ತಿತ್ತು.

ಅದರ ಸರದಿ ಬಂದದ್ದು ಒಂದು ಮಂಗಳವಾರ. ಯಾವ ಲೋಟ ಎಂದು ನನಗೆ ಹೇಳಿರಲಿಲ್ಲ, ಹೇಳುವಂತೆಯೂ ಇಲ್ಲ. ಮೂರು ಲೋಟಗಳಲ್ಲಿ ಎರಡನೆಯದನ್ನು ಬೆಳಕಿಗೆ ಹಿಡಿದೆ. ಗಟ್ಟಿ ಕಪ್ಪು, ಅಂಚಿನಲ್ಲಿ ಮಾತ್ರ ಸಂಡೂರಿನ ಮಣ್ಣಿನ ಕೆಂಪು. ನೊರೆ ಬಂದ ಹಾಗೆ ಮಾಡಿ ಇಳಿದುಹೋಯಿತು. ಇಷ್ಟು ಖಡಕ್ ಏಲ್‌ನಲ್ಲಿ ನೊರೆ ಕಡಿಮೆಯೇ, ಉಳಿದವರು ಅದನ್ನು ದೊಡ್ಡದು ಮಾಡಲಿಲ್ಲ. ಮೂಸಿದೆ. ಆಲೆಮನೆಯ ಕಡಾಯಿಯ ತಳಕ್ಕೆ ಹತ್ತಿದ ಪಾಕ, ಒಣ ಉತ್ತತ್ತಿ, ಮರ ಸುಟ್ಟ ಹೊಗೆ, ಕೊಬ್ಬರಿಯ ಹಾಗಿರುವ ಓಕಿನ ಸಿಹಿ. ಇದೇ ಎಂದು ಗೊತ್ತಾಯಿತು. ಕಂಪ್ಲಿಯ ಬೆಲ್ಲವನ್ನು ನಾನು ಗುರುತಿಸದೆ ಇರುತ್ತೇನೆಯೇ?

ಇನ್ನೊಮ್ಮೆ ಮೂಸಿದಾಗ ಎಲ್ಲದರ ಅಡಿಯಲ್ಲಿ ಮತ್ತೊಂದು ವಾಸನೆ ಇತ್ತು. ಮಂದವಾದ, ಜಿಡ್ಡಾದ, ಹಳತಾದ ವಾಸನೆ. ಒಂದು ಗುಟುಕು ಕುಡಿದು ನುಂಗಿದೆ. ಬೆಲ್ಲ ಮೊದಲು ಬಂತು, ಆಮೇಲೆ ಮರದ ಒಗರು, ಕೊನೆಗೆ ಗಂಟಲ ಹತ್ತಿರ ಅದು ಬಂದು ಕೂತಿತು. ಔಡಲೆಣ್ಣೆ. ಕೆಲವು ಕಡೆ ಹರಳೆಣ್ಣೆ ಎನ್ನುತ್ತಾರೆ. ಅತ್ತೆ ನೆತ್ತಿಗೆ ಹಚ್ಚಲೆಂದು ಕಟ್ಟಿ ಕೊಟ್ಟಿದ್ದ ಶೀಸೆ ನಮ್ಮ ಮನೆಯಲ್ಲಿತ್ತು. ಚಿತ್ತವಾಡ್ಗಿಯ ಅವರ ಕಾರ್ಖಾನೆಯಲ್ಲಿ ಗಾಲಿಯ ನಡುವಿನ ತೂತಿಗೆ ಬೆರಳಲ್ಲಿ ಸವರುತ್ತಿದ್ದ ಎಣ್ಣೆ ಅದೇ. ಹಾಗೆಯೇ ಮೌನೇಶ ಬಂಗಿನ ತೂತಿನ ಒಳಸುತ್ತಿಗೆ ಎಣ್ಣೆ ಹಚ್ಚಿದ್ದಾರೆ ಎಂದು ನನಗೆ ಹೊಳೆಯಿತು. ಹದಿನಾಲ್ಕು ತಿಂಗಳು ಏಲ್ ಅದನ್ನು ನೆಕ್ಕಿದೆ. ಎಣ್ಣೆ ನೊರೆಯನ್ನು ಕೊಂದಿದೆ, ಈಗ ತಾನೂ ಕಮಟಲು ಶುರುವಾಗಿದೆ.

ಉಳಿದ ಆರು ಮಂದಿ ತಲೆ ಬಗ್ಗಿಸಿ ಬರೆಯುತ್ತಿದ್ದರು. ಅವರ ಮುಖ ನೋಡಿದರೆ ಮೆಚ್ಚಿದ್ದು ತಿಳಿಯುತ್ತಿತ್ತು. ಅವರಿಗೆ ಆ ವಾಸನೆ ಹಳೆಯ ತೊಗಲಿನದೋ ಮರದ್ದೋ ಆಗಿ ಕಂಡಿರಬೇಕು, ಔಡಲೆಣ್ಣೆಯ ಪರಿಚಯ ಅವರಿಗೆಲ್ಲಿಂದ ಬರಬೇಕು? ನಾನು ಬಾಯಿ ಮುಚ್ಚಿಕೊಂಡಿದ್ದರೆ ಪೀಪಾಯಿ ಪಾಸು, ನಮ್ಮವರ ಹೆಸರು ಶೀಸೆಯ ಮೇಲೆ. ಪೆನ್ಸಿಲ್ ಎತ್ತಿ ಎಂಟು, ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು ಎಂದು ಬರೆದೆ. ನಲವತ್ತನಾಲ್ಕು. ಬರೆದು ನೋಡುತ್ತಾ ಕೂತೆ. ಶೀಸೆಗೆ ಹೋದ ಮೇಲೆ ಆರು ತಿಂಗಳಲ್ಲಿ ಆ ಕಮಟು ಬೆಲ್ಲವನ್ನೂ ಮರವನ್ನೂ ತಿಂದುಹಾಕುತ್ತದೆ ಎಂದು ನನಗೆ ಗೊತ್ತಿತ್ತು. ಯಾರೋ ಒಬ್ಬರು ಹಬ್ಬಕ್ಕೆಂದು ತೆಗೆದಿಟ್ಟು, ಬಿರಡೆ ಬಿಚ್ಚಿ, ಮುಖ ಕಿವಿಚಿ, ಮೇಲಿನ ಹೆಸರು ಓದುತ್ತಾರೆ. ಅಪ್ಪ ಬಾಗಿಲ ಕಡೆ ನೋಡುತ್ತಾ ಉಣ್ಣುತ್ತಿದ್ದದ್ದು ಕಣ್ಣಿಗೆ ಬಂತು. ಎಲ್ಲ ಹೊಡೆದುಹಾಕಿ ನಾಲ್ಕು, ಮೂರು, ಐದು, ಆರು, ಮೂರು ಎಂದು ಬರೆದೆ. ಇಪ್ಪತ್ತೊಂದು. ದೋಷ ಎಂಬಲ್ಲಿ ಕನ್ನಡದಲ್ಲಿ ಔಡಲೆಣ್ಣೆ ಎಂದು ಬರೆದೆ. ಹೊಡೆದುಹಾಕಿದ ಕಡೆ ಸಹಿ ಮಾಡಬೇಕೆಂಬ ನಿಯಮವಿದೆ, ಮಾಡಿದೆ.

ಉಳಿದವರ ಅಂಕ ಮೂವತ್ತೇಳರಿಂದ ನಲವತ್ತೆರಡರ ನಡುವೆ ಇದ್ದವು. ಮೊಯಿರಾ ನನ್ನ ಕಾಗದ ಹಿಡಿದು ಇದೇನು ಎಂದು ಕೇಳಿದರು. ಹೇಳಿದೆ. ಅವರು ಲೋಟ ಮತ್ತೆ ಮೂಸಿದರು, ಹೆಸರು ಸಿಕ್ಕ ಮೇಲೆ ವಾಸನೆ ಎಲ್ಲರ ಮೂಗಿಗೂ ಸಿಕ್ಕಿತು. ಮೊಯಿರಾ ನನ್ನ ಭುಜದ ಮೇಲೆ ಕೈ ಇಟ್ಟು, ನೀನು ಹೇಳದೇ ಇರಬಹುದಿತ್ತು ಎಂದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ನುಂಗದೆ ಅಂಕ ಕೊಡಬಾರದು ಎಂದು ಕಲಿಸಿದವರು ಅವರೇ ಅಲ್ಲವೇ?

ಈಯನ್ ಅವರಿಗೆ ಬೇರೆ ಚಿಂತೆ. ಮೌನೇಶ ಕಟ್ಟಿದ ಇನ್ನೂ ಹತ್ತೊಂಬತ್ತು ಪೀಪಾಯಿಗಳಿದ್ದವು, ಎಲ್ಲದರಲ್ಲೂ ಏನಾದರೊಂದು ಮಲಗಿತ್ತು. ಬುಧವಾರ ನಾವಿಬ್ಬರೂ ಗೋದಾಮಿಗೆ ಹೋಗಿ ಒಂದೊಂದರ ಬಂಗ್ ತೆಗೆದು ಮೂಸಿದೆವು. ಒಂದರಲ್ಲೂ ಎಣ್ಣೆ ಇರಲಿಲ್ಲ. ಹತ್ತೊಂಬತ್ತೂ ಚೊಕ್ಕ. ಪೀಪಾಯಿಯ ಒಳಗೆ ಎಣ್ಣೆ ಸೋಕಬಾರದು ಎಂದು ಅವನಿಗೆ ಮೊದಲ ವಾರವೇ ಹೇಳಿದ್ದೆ, ಅವನಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ, ಇದೊಂದಕ್ಕೆ ಯಾಕೆ ಹೀಗೆ ಮಾಡಿದ ಎಂದು ಈಯನ್ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು. ನನಗೂ ತಿಳಿಯಲಿಲ್ಲ.

ಗುರುವಾರ ಭಾವನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೀಪಾಯಿ, ಬಿಯರು, ನನ್ನ ಕೆಲಸ, ಯಾವುದನ್ನೂ ಮುಚ್ಚಿಡಲಿಲ್ಲ. ಅವರ ಹಿಂದೆ ಮರ ಕೊಯ್ಯುವ ಯಂತ್ರದ ಸದ್ದು ಕೇಳುತ್ತಿತ್ತು. ಬೈಯುತ್ತಾರೆ ಎಂದುಕೊಂಡೆ. ನಾನು ಕೇಳಿದ್ದು ಇಷ್ಟೇ: ನಿಮ್ಮಲ್ಲಿ ಗಾಲಿಗೆ ಎಣ್ಣೆ ಹಚ್ಚುತ್ತಿದ್ದರಲ್ಲ, ಎಲ್ಲ ಗಾಲಿಗೂ ಹಚ್ಚುತ್ತಿದ್ದರೇ?

“ಇಲ್ಲ ತಂಗಿ,” ಎಂದರು. “ಮಾರೋ ಗಾಲಿಗಿ ನಾವು ಎಣ್ಣಿ ಮುಟ್ಟಸಂಗಿಲ್ಲ. ಅದನ್ನ ತಗೊಂಡೋರು ಹಚ್ಕೊಂತಾರ. ನಮ್ಮ ಮನಿ ಬಂಡಿ ಗಾಲಿ ಇತ್ತಂದ್ರ ಮಾತ್ರ ಮಾಡಿದವ ತನ್ನ ಕೈಲೆ ಹಚ್ಚಬೇಕು. ಅಪ್ಪ ಹಂಗ ಹೇಳಿಕೊಟ್ಟಿದ್ದ.”

ಅಷ್ಟು ಹೇಳಿ ಅತ್ತರು. ಹತ್ತೊಂಬತ್ತು ಪೀಪಾಯಿ ಮೌನೇಶ ಮೊಯಿರಾ ಅವರಿಗೆ ಮಾಡಿಕೊಟ್ಟದ್ದು. ಇಪ್ಪತ್ತನೆಯದು ನಮ್ಮ ಮನೆಯದು. ಈ ಊರಿನಲ್ಲಿ ಅವರು ನಮ್ಮ ಮನೆಯದು ಎಂದು ಬಗೆದ ಒಂದೇ ಒಂದು ವಸ್ತುವಿಗೆ ನಾನು ಹೆಸರಿಟ್ಟು ದೋಷ ಎಂದಿದ್ದೆ. ಮೊದಲೇ ಗೊತ್ತಿದ್ದರೆ ನಲವತ್ತನಾಲ್ಕನ್ನು ಹೊಡೆದುಹಾಕುತ್ತಿದ್ದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಿಜವಾಗಿ ನನಗೆ ಗೊತ್ತಿಲ್ಲ.

ಶುಕ್ರವಾರ ಪೀಪಾಯಿಯನ್ನು ಅಂಗಳಕ್ಕೆ ಉರುಳಿಸಿ ತಂದರು. ಬೇರೆಯವರು ಮಾಡುತ್ತಾರೆ, ನೀನು ಮನೆಗೆ ಹೋಗು ಎಂದರು ಮೊಯಿರಾ. ನಾನೇ ಬಂಗ್ ತೆಗೆದೆ. ಕಪ್ಪು ಏಲ್ ನೊರೆಯಿಲ್ಲದೆ ಚರಂಡಿಗೆ ಹರಿಯಿತು, ಅಂಗಳದ ತುಂಬ ಕಂಪ್ಲಿಯ ಆಲೆಮನೆಯ ವಾಸನೆ. ಖಾಲಿಯಾಗಲು ಅರ್ಧ ಗಂಟೆ ಹಿಡಿಯಿತು, ಅಷ್ಟೂ ಹೊತ್ತು ಈಯನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಎಣ್ಣೆ ಕುಡಿದ ಮರ ಇನ್ನು ಕೆಲಸಕ್ಕೆ ಬಾರದು. ಅವರು ಕಬ್ಬಿಣದ ಬಳೆಗಳನ್ನು ಬಡಿದು ಕಳಚಿ, ಬಂಗಿನ ತೂತಿದ್ದ ಹಲಗೆಯನ್ನು ಅಲ್ಲೇ ಎರಡಾಗಿ ಕೊಯ್ದು ನನ್ನ ಕೈಗಿಟ್ಟರು. ಒಂದು ತುಂಡನ್ನು ಸಮಾಧಿಯ ತಲೆಯ ಕಡೆ ನೆಟ್ಟೆ. ಇನ್ನೊಂದನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ.

ಚಳಿ ಕಳೆದ ಮೇಲೆ ಊರಿಗೆ ಹೋದೆ. ಹೊಸಪೇಟೆ ನಿಲ್ದಾಣದಲ್ಲಿ ಇಳಿಯುತ್ತಲೇ ನನ್ನ ಮೂಗು ಕೆಲಸಕ್ಕೆ ನಿಂತಿತು. ಕಾದ ಡೀಸೆಲ್, ಮಂಡಕ್ಕಿಯ ಒಗ್ಗರಣೆ, ಬಾಡಿದ ಮಲ್ಲಿಗೆ, ಚರಂಡಿ. ಒಂದೊಂದಕ್ಕೂ ಒಳಗೇ ಅಂಕ ಬೀಳುತ್ತಿದ್ದವು, ಬೇಡವೆಂದರೂ ನಿಲ್ಲಲಿಲ್ಲ. ಬಾಳಿದ ಊರನ್ನು ಪರಸ್ಥಳದವಳ ಹಾಗೆ ಮೂಸುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆಟೋದವರು ಯಾವ ಊರವರು ಅಕ್ಕಾರ ಎಂದು ಕೇಳಿದರು. ಚಿತ್ತವಾಡ್ಗಿ ಎಂದೆ. ಅವರು ನನ್ನ ಕೋಟು ನೋಡಿ ನಕ್ಕರು.

ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಊಟ, ಅಳು ಎಲ್ಲ ಮುಗಿದ ಮೇಲೆ ಹಲಗೆಯ ತುಂಡನ್ನು ಅವರ ತೊಡೆಯ ಮೇಲಿಟ್ಟು, ಅವರು ಕಡೀಗೆ ಮಾಡಿದ್ದು ಅತ್ತಿ ಎಂದೆ. ಬಾಗಿದ ಮರ, ನಡುವೆ ಅರ್ಧ ತೂತು. ಗಾಲಿಯ ತುಂಡೆಂದೇ ಅವರು ತಿಳಿದರು. ತೂತಿನ ಒಳಗೆ ಬೆರಳಾಡಿಸಿ ಮೂಗಿಗೆ ಹಿಡಿದುಕೊಂಡರು. ಅವರಿಗೆ ಯಾವ ಲೋಟವೂ ಬೇಕಾಗಲಿಲ್ಲ.

“ಎಣ್ಣಿ ಹಚ್ಚ್ಯಾನ,” ಎಂದರು. “ಮನಿ ಗಾಲಿ ಇದು. ಯಾಕ ಮುರೀತು?”

ಭಾವನವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಇವರಿಗೆ ಎಷ್ಟು ಸುಳ್ಳು ಹೇಳಿದ್ದೆ, ಈ ಸಲ ಬಾಯಿಗೆ ಸುಳ್ಳು ಬರಲಿಲ್ಲ.

“ಎಣ್ಣಿ ಹೆಚ್ಚಾತಂತ ಅತ್ತಿ,” ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. “ಎಣ್ಣಿ ಹೆಚ್ಚಾಗಿ ಯಾವ ಗಾಲಿ ಮುರದೈತವ್ವಾ?” ಎಂದರು. “ಯಾರು ಹೇಳಿದ್ರು ನಿನಗ ಹಂಗಂತ?”

ನಾನೇ ಹೇಳಿದ್ದು ಎನ್ನಲಾಗಲಿಲ್ಲ. ಅವರ ಮಡಿಲಲ್ಲಿ ತಲೆ ಇಟ್ಟು ಅಳತೊಡಗಿದೆ. ಎಷ್ಟೋ ಹೊತ್ತಾದ ಮೇಲೆ ಅವರು ಒಳಗಿಂದ ಎಣ್ಣೆಯ ಶೀಸೆ ತರಿಸಿ, ಮರ ಒಣಗೇತಿ ಎನ್ನುತ್ತಾ ಹಲಗೆಗೆ ಇನ್ನಷ್ಟು ಎಣ್ಣೆ ತಿಕ್ಕಿದರು. ಅಂಗೈಯಲ್ಲಿ ಉಳಿದದ್ದನ್ನು ನನ್ನ ನೆತ್ತಿಗೆ ಹಾಕಿ ತಟ್ಟಿದರು. ಇದ್ದ ಹತ್ತು ದಿನವೂ ತಟ್ಟಿದರು. ಹೊರಡುವ ದಿನ, ಇಲ್ಲೇ ಇದ್ದುಬಿಡು ಎನ್ನುತ್ತಾರೆ ಎಂದು ಕಾದೆ, ಅಂದಿದ್ದರೆ ಇರುತ್ತಿದ್ದೆನೇನೋ. ಅವರು ಬೇರೆ ಮಾತು ಹೇಳಿದರು. ಅವ ಅಲ್ಲಿ ಒಬ್ಬನ ಕುಂತಾನ, ನೀ ಹೋಗು ಎಂದರು.

ಮರಳಿ ಬಂದ ಮೇಲೆ ಮೊದಲ ಮಂಗಳವಾರ ರುಚಿ ಕೋಣೆಗೆ ಹೋದೆ. ಮೊಯಿರಾ ಬಾಗಿಲಲ್ಲೇ ತಡೆದರು. ನಿನ್ನ ತಲೆಯ ಎಣ್ಣೆ ಇಡೀ ಕೋಣೆಗೆ ಹೊಡೆಯುತ್ತಿದೆ, ಒಳಗೆ ಕೂರಿಸುವಂತಿಲ್ಲ, ಮನೆಗೆ ಹೋಗಿ ತೊಳೆದುಕೊಂಡು ಬಾ, ಕಾಯುತ್ತೇವೆ ಎಂದರು. ಮನೆಗೆ ಬಂದು ಬಿಸಿನೀರು ಬಿಟ್ಟು ಅದರ ಮುಂದೆ ನಿಂತೆ. ಆಮೇಲೆ ನಲ್ಲಿ ನಿಲ್ಲಿಸಿ, ಒಣ ತಲೆಯಲ್ಲೇ ಬಂದು ಮಂಚದ ಮೇಲೆ, ಮೌನೇಶ ಕೊನೆಗೆ ಕೂತಿದ್ದ ಕಡೆ ಕೂತೆ. ಆ ವಾರ ನಾನು ಯಾವುದಕ್ಕೂ ಅಂಕ ಕೊಡಲಿಲ್ಲ.